ಮೈದಾನದ ಗೇಟಿನಲ್ಲಿ ಕಳೆದ ಚೆಂಡು

"ಚೆಂಡು ಇಲ್ಲ."

ಹೊಲಿಗೆ ಟೀಚರ್ ಕೂಗಿ ಹೇಳಲಿಲ್ಲ. ಅಂಗಡಿಯಲ್ಲಿ ಕೇಳಿದ ಸಾಮಾನು ಮುಗಿದುಹೋಗಿದೆ ಎನ್ನುವವರ ಹಾಗೆ ಸಣ್ಣ ದನಿಯಲ್ಲಿ ಹೇಳಿದರು. ಆದರೂ ಮೈದಾನದ ಗೇಟಿನ ಮುಂದೆ ವ್ಯಾನಿನಿಂದ ಇಳಿಯುತ್ತಿದ್ದ ನಾವೆಲ್ಲ ಇದ್ದಲ್ಲೇ ನಿಂತುಬಿಟ್ಟೆವು.

ಅವರ ಎಡಗೈಯಲ್ಲಿ ನೀಲಿ ಬಟ್ಟೆಯ ಪುಟ್ಟ ಚೀಲ. ಬಲಗೈಯಲ್ಲಿ ಬಿಗಿಯಾಗಿ ಉಂಡೆ ಸುತ್ತಿದ ಬಿಳಿ ಟವೆಲು. ನಾವು ತಂಗಿದ್ದ ಲಾಡ್ಜಿನಲ್ಲಿ ಕೈ ಒರೆಸಲು ಕೊಡುವಂಥದ್ದು. ಯಾರೋ ಚೆಂಡನ್ನು ತೆಗೆದು, ಆ ಜಾಗದಲ್ಲಿ ಟವೆಲನ್ನು ತುರುಕಿ, ಚೀಲದ ಗುಂಡಿಯನ್ನು ಮೊದಲಿದ್ದ ಹಾಗೇ ಹಾಕಿದ್ದರು.

ಯಾರು?

"ಸರಿಯಾಗಿ ನೋಡಿ ಅಮ್ಮ, ಬ್ಯಾಗ್ ತಳದಲ್ಲಿ ಬಿದ್ದಿರಬಹುದು," ಎಂದ ಡ್ರೈವರಣ್ಣ.

"ನೋಡಿದೆ."

"ಸೀಟಿನ ಕೆಳಗೆ?"

"ಟವೆಲು ತಾನೇ ಸುತ್ತಿಕೊಂಡು ಒಳಗೆ ಹೋಗುತ್ತಾ ಅಪ್ಪಾ?" ಎಂದರು ಟೀಚರ್. ಮರುಕ್ಷಣ ವ್ಯಾನಿನ ಬಾಗಿಲನ್ನು ಹಿಡಿದುಕೊಂಡರು. ಗೇಟಿನ ಕಾವಲುಗಾರ ತಾನು ಕುಳಿತಿದ್ದ ಕುರ್ಚಿಯನ್ನೇ ಎತ್ತಿಕೊಂಡು ಓಡಿಬಂದ. ಯಾರೆಂದು ಕೇಳಲಿಲ್ಲ, ಟಿಕೆಟ್ ಇದೆಯೇ ಎಂದೂ ಕೇಳಲಿಲ್ಲ.

ಆ ಚೆಂಡು ಏನೆಂದು ಹೇಳಿಬಿಡುತ್ತೇನೆ. ಟೀಚರ್‌ಗೆ ಒಬ್ಬನೇ ಮಗ. ವೇಗದ ಬೌಲರ್. ಎರಡು ವರ್ಷದ ಹಿಂದೆ ಅವನ ತಂಡ ಒಂದು ದೊಡ್ಡ ಪಂದ್ಯ ಗೆದ್ದಾಗ, ಅತಿ ಹೆಚ್ಚು ವಿಕೆಟ್ ಪಡೆದವನೆಂದು ಆ ಪಂದ್ಯದ ಚೆಂಡನ್ನು ಅವನಿಗೇ ಕೊಟ್ಟರು. ಮಳೆಯಲ್ಲಿ ನೆನೆದು ಮನೆಗೆ ಬಂದ. ಚೆಂಡನ್ನು ಕಿಟಕಿಯ ಮೇಲಿಟ್ಟು ಮಲಗಿದ. ಜ್ವರ ಏರಿತು. ಮತ್ತೆ ಏಳಲಿಲ್ಲ. ದೇಶದ ದೊಡ್ಡ ಮೈದಾನಗಳಲ್ಲೆಲ್ಲ ಆಡಬೇಕೆಂಬುದು ಅವನ ಆಸೆಯಾಗಿತ್ತಂತೆ. ಅದಕ್ಕೇ ತಾಯಿ ಈ ಪ್ರವಾಸಕ್ಕೆ ಹೊರಟಿದ್ದರು. ಪ್ರತಿ ಮೈದಾನದಲ್ಲೂ ಬೇಲಿಯ ಪಕ್ಕದ ಹುಲ್ಲಿನ ಮೇಲೆ ಚೆಂಡನ್ನು ಒಂದು ಗಳಿಗೆ ಇಡುವರು. ಏನೋ ಪಿಸುಗುಡುವರು. ಮತ್ತೆ ಎತ್ತಿ ಚೀಲಕ್ಕೆ ಹಾಕುವರು.

"ಅವನ ಬೆರಳು ಕೊನೇದಾಗಿ ಹಿಡಿದಿದ್ದು ಇದನ್ನೇ," ಎಂದು ಮೊದಲ ದಿನವೇ ನನಗೆ ಹೇಳಿದ್ದರು. "ಇದು ಹೋದ್ರೆ ನಂಗೆ ಎದ್ದು ಮುಖ ತೊಳೆಯೋಕೂ ಕಾರಣ ಇಲ್ಲ."

ಪ್ರವಾಸ ಡ್ರೈವರಣ್ಣನ ಸ್ವಂತ ಯೋಜನೆ. ಬೆಳಿಗ್ಗೆ ಒಂದು ಮೈದಾನ, ಮಧ್ಯಾಹ್ನ ಒಂದು ಕೋಟೆ. "ಗಂಡಸರು ಸ್ಟೇಡಿಯಂ ಅಂತಾರೆ, ಹೆಂಗಸರು ಹಳೇ ಕಟ್ಟಡ ಅಂತಾರೆ. ಮನೇಲಿ ಜಗಳ ಯಾಕೆ? ಎರಡೂ ನೋಡಿ, ನನ್ನ ಹೊಟ್ಟೆ ತುಂಬಿಸಿ!" ಎಂಬುದು ಅವನ ಮಾತು. ನಮ್ಮ ವ್ಯಾನಿನಲ್ಲಿ ಮಾತ್ರ ಲೆಕ್ಕ ತಲೆಕೆಳಗಾಗಿತ್ತು. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತಳಾದ ನಾನು ಬಂದದ್ದು ಕೋಟೆಗಾಗಿ, ನಿಜ. ಆದರೆ ನನ್ನ ಅತ್ತಿಗೆ ಬಂದದ್ದು ಕ್ರಿಕೆಟ್ಟಿಗಾಗಿ.

ಅತ್ತಿಗೆ ಪೊಲೀಸ್ ಇಲಾಖೆಯ ಅಪರಾಧ ವಿಭಾಗದಲ್ಲಿದ್ದವರು. ತೀರಿಹೋದ ನನ್ನ ಅಣ್ಣ ಭಾನುವಾರ ಭಾನುವಾರ ಪಂದ್ಯಗಳಿಗೆ ಅಂಪೈರ್ ಆಗಿ ಹೋಗುತ್ತಿದ್ದ. ಮನೆಯಲ್ಲಿ ಅವನ ಕೋಟಿನ ಜೇಬಿಗೆ ಕೈ ಹಾಕಿದರೆ ಒಂದು ಹಳೆಯ ಚೆಂಡು ಸಿಗುವುದು ಖಂಡಿತ. "ಕಳ್ಳರ ಜೇಬಿಗಿಂತ ನಿಮ್ಮಣ್ಣನ ಜೇಬು ತಡಕಿದ್ದೇ ಹೆಚ್ಚು," ಎಂದು ಅತ್ತಿಗೆ ನಗುತ್ತಿದ್ದರು.

ಆ ಬೆಳಿಗ್ಗೆ ನಗು ಇರಲಿಲ್ಲ. ಅತ್ತಿಗೆ ಟೀಚರ ಎದುರು ಕುಕ್ಕರಗಾಲಲ್ಲಿ ಕುಳಿತು, ಆ ಟವೆಲಿನ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕೊನೇ ಸಲ ಚೆಂಡು ಕಣ್ಣಿಗೆ ಬಿದ್ದಿದ್ದು ಯಾವಾಗ?"

"ನಿನ್ನೆ ಊಟ ಆದ್ಮೇಲೆ. ಚೀಲಕ್ಕೆ ಹಾಕಿ ಗುಂಡಿ ಹಾಕ್ದೆ."

"ಬೆಳಿಗ್ಗೆ?"

"ಆ ಚೀಲ ಇದ್ದ ಬ್ಯಾಗ್ ವರಾಂಡದ ಬೆಂಚಿನ ಮೇಲಿಟ್ಟು ಇವರನ್ನ ಮೆಟ್ಟಿಲು ಇಳಿಸೋಕೆ ಹೋದೆ." ಟೀಚರ್ ನನ್ನ ಕಡೆ ತಲೆಯಾಡಿಸಿದರು.

ನಿಜ. ಆ ಮೆಟ್ಟಿಲುಗಳು ಕಡಿದಾಗಿದ್ದವು. ಒಂದು ಕೈಯಲ್ಲಿ ನನ್ನ ಊರುಗೋಲಿತ್ತು; ಅವರು ಇನ್ನೊಂದು ತೋಳು ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿದ್ದರು. ಆ ಉಪಕಾರ ಮಾಡುವ ಹೊತ್ತಿನಲ್ಲೇ ಇವರ ಚೆಂಡು ಹೋಗಿತ್ತು.

"ಆಗ ವರಾಂಡದಲ್ಲಿ ಯಾರ್ಯಾರಿದ್ರು?"

"ಎಲ್ಲರೂ ಓಡಾಡ್ತಿದ್ರು. ಎಲ್ಲರ ಬ್ಯಾಗೂ ಅಲ್ಲೇ ಇತ್ತಲ್ಲ."

"ಎಲ್ಲರ ಬ್ಯಾಗೂ ನೋಡಿಬಿಡಿ ಮತ್ತೆ!" ಎಂದರು ಕ್ಯಾಮೆರಾ ಮಾವ. "ಮುಚ್ಚುಮರೆ ಏನಿದೆ? ಮೊದಲು ನಂದೇ ನೋಡಿ."

ಕ್ಯಾಮೆರಾ ಮಾವ ಯಾರಿಗೂ ಮಾವನಲ್ಲ. ಒಂಟಿ ಮನುಷ್ಯ. ಕಂಡದ್ದನ್ನೆಲ್ಲ ಫೋಟೋ ತೆಗೆಯುವ, ಹೋದ ಮೈದಾನದಲ್ಲೆಲ್ಲ ಒಂದು ಚಿಟಿಕೆ ಹುಲ್ಲು ಕಿತ್ತು ಪ್ಲಾಸ್ಟಿಕ್ ಕವರಿಗೆ ಹಾಕಿಕೊಳ್ಳುವ ಹುಚ್ಚು. ಮೊದಲ ದಿನವೇ ಟೀಚರ ಚೆಂಡನ್ನು ಕಂಡು, "ಇಂಥದ್ದು ನನ್ನ ಶೋಕೇಸಲ್ಲಿ ಇರಬೇಕಿತ್ತು," ಎಂದಿದ್ದರು. ಈಗ ಧೈರ್ಯವಾಗಿ ಬ್ಯಾಗ್ ತೆರೆದರು. ಹುಲ್ಲಿನ ಕವರುಗಳು ಬಂದವು. ಅದರಡಿಯಲ್ಲಿ, ಬನಿಯನ್ನಿನಲ್ಲಿ ಸುತ್ತಿದ್ದ ಒಂದು ಗಟ್ಟಿ ವಸ್ತು.

ಅತ್ತಿಗೆ ಆ ಬನಿಯನ್ನಿನ ಸುತ್ತು ಬಿಚ್ಚಿದರು.

ಇಟ್ಟಿಗೆಯ ಚೂರು. ನಿನ್ನೆ ನೋಡಿದ ಕೋಟೆಯದು.

"ಏನ್ರೀ ಇದು? ಅಷ್ಟು ಶತಮಾನ ಫಿರಂಗಿಗೆ ಬೀಳದ ಗೋಡೆ ನಿಮ್ಮ ಕೈಗೆ ಬೀಳಬೇಕಿತ್ತಾ?" ಎಂದು ನಾನು ಸಿಡುಕಿದೆ.

"ತಾನಾಗೇ ಉದುರಿ ಬಿದ್ದಿತ್ತು ಮೇಡಂ..."

"ಕೋಟೆ ಕಳ್ಳನ ವಿಚಾರ ಆಮೇಲೆ," ಎಂದರು ಅತ್ತಿಗೆ. "ಮಾವ, ನಾವು ಮೆಟ್ಟಿಲು ಇಳಿಯೋವಾಗ ನೀವೆಲ್ಲಿದ್ರಿ?"

"ಡ್ರೈವರ್ ವ್ಯಾನ್ ಗಾಜು ತೊಳೀತಿದ್ದ. ನಾನು ಅವನ ಪಕ್ಕ ನಿಂತು ಸೂರ್ಯನ ಫೋಟೋ ತೆಗೀತಿದ್ದೆ."

"ಹೌದು ಮೇಡಂ," ಎಂದ ಡ್ರೈವರಣ್ಣ. "ಬಕೆಟ್ ಎತ್ತಿಕೊಡಿ ಅಂದ್ರೆ ಅದರದ್ದೂ ಒಂದು ಫೋಟೋ ತೆಗೆದ್ರು. ಎತ್ತಿಕೊಡಲಿಲ್ಲ."

ಅತ್ತಿಗೆ ಕ್ಯಾಮೆರಾ ಇಸಿದುಕೊಂಡು ನೋಡಿದರು. ಸೂರ್ಯ, ಬಕೆಟ್, ಡ್ರೈವರಣ್ಣನ ಬೆನ್ನು. ಕೊನೆಯದರ ಹಿನ್ನೆಲೆಯಲ್ಲಿ ಮೆಟ್ಟಿಲ ಮೇಲೆ ನಾನು ಮತ್ತು ಟೀಚರ್, ಅತ್ತಿಗೆ ಮುಂದೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ಹಾಗಾದರೆ ವರಾಂಡದಲ್ಲಿ ಉಳಿದವರು?

ಟೀಚರ್ ತಲೆ ಎತ್ತಿ ಒಬ್ಬನನ್ನೇ ನೋಡಿದರು.

"ನೀನು," ಎಂದರು.

ಎಡಚ ಎಂಬ ಆ ಹುಡುಗ ಹೆಗಲಿನಿಂದ ಬ್ಯಾಗ್ ಇಳಿಸಿ ನೆಲಕ್ಕಿಟ್ಟ. ಎಡಗೈ ಬೌಲರ್ ಆದ್ದರಿಂದ ತಂಡದವರು ಇಟ್ಟ ಹೆಸರು ಅದು. ಟೀಚರ ಮಗನೂ ಇವನೂ ಎದುರುಬದುರು ತುದಿಗಳಿಂದ ಜೋಡಿಯಾಗಿ ಬೌಲ್ ಮಾಡಿದವರು. ಒಂದು ತಟ್ಟೆಯಲ್ಲಿ ಉಂಡವರು. ಗೆಳೆಯ ಹೋದ ಮೇಲೆ ಎಡಚ ಆ ಮನೆಯ ಕಡೆ ತಲೆ ಹಾಕಿರಲಿಲ್ಲ. "ಪ್ರವಾಸಕ್ಕೆ ನೀನೂ ಬಾ ಮಗಾ, ಅವನ ಜಾಗದಲ್ಲಿ ಕೂತ್ಕೋ," ಎಂದು ಟೀಚರೇ ಹಟ ಹಿಡಿದು ಕರೆಸಿದ್ದರು. ದಾರಿಯುದ್ದಕ್ಕೂ ಮಾತು ಕಡಿಮೆ. ಆದರೆ ಕೋಟೆಯ ಏರುದಾರಿಯಲ್ಲಿ ನನ್ನ ನೀರಿನ ಬಾಟಲಿ ಸದಾ ಅವನ ಕೈಯಲ್ಲಿರುತ್ತಿತ್ತು.

"ಅಮ್ಮಾ, ನಾನಲ್ಲ."

"ನಿನ್ನೆ ಊಟದ ಹೊತ್ತಲ್ಲಿ ಚೆಂಡು ಕೇಳಿದ್ದು ಯಾರು? ಇಲ್ಲಿರೋರೆಲ್ಲ ಕೇಳಿಸಿಕೊಂಡಿದ್ದಾರೆ."

ಅದೂ ನಿಜವೇ. ಊಟ ಮುಗಿಯುವಾಗ ಎಡಚ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಿದ್ದ. "ಅಮ್ಮಾ, ನಾಳೆ ಆ ಬಾಲ್ ನನ್ ಕೈಗೆ ಕೊಡ್ತೀರಾ? ನಮ್ಮ ಕೋಚ್ ಇಲ್ಲಿನವರಿಗೆ ಫೋನ್ ಮಾಡಿದ್ದಾರೆ, ಒಳಗೆ ಬಿಡ್ತಾರಂತೆ. ಅವನು ಹಾಕಬೇಕಾಗಿದ್ದ ತುದಿಯಿಂದ ಒಂದೇ ಒಂದು ಬಾಲ್ ಹಾಕ್ತೀನಿ." ಟೀಚರ್ ಅಳುತ್ತಲೇ ನಕ್ಕು, ಕೊಡುತ್ತೇನೆಂದು ಅವನ ತಲೆ ಸವರಿದ್ದರು. ಆ ಪ್ರವಾಸದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

"ಕೊಡ್ತೀನಿ ಅಂದಿದ್ದೆನಲ್ಲೋ! ಕದಿಯೋ ಅಂಥದ್ದು ಏನಿತ್ತು?"

"ಅಮ್ಮಾ..."

"ಬಿಚ್ಚು ಬ್ಯಾಗ್."

ಟೀಚರ್ ತಾವೇ ಅವನ ಬ್ಯಾಗ್ ತಡಕಿದರು. ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ರಸ್ತೆಯ ಮೇಲೆ ಹಾಕಿದರು. ಹರಿದ ಕಾಲುಚೀಲ, ಹಳೆಯ ಬೂಟು, ಸೋಪಿನ ಡಬ್ಬಿ. ಚೆಂಡು ಇರಲಿಲ್ಲ. ಕಾವಲುಗಾರ ಮುಖ ತಿರುಗಿಸಿ ನಿಂತ. ಡ್ರೈವರಣ್ಣ ಬಗ್ಗಿ ಬಟ್ಟೆಗಳನ್ನು ಆರಿಸಿ, ಮಣ್ಣು ಕೊಡವಿ, ಮಡಚಿ ಮತ್ತೆ ಬ್ಯಾಗಿಗಿಟ್ಟ. ಟೀಚರ ಗಂಡ, ಮರಗೆಲಸದ ಮೇಸ್ತ್ರಿಗಳು, ವ್ಯಾನಿಗೆ ಒರಗಿ, ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು, ನೆಲ ನೋಡುತ್ತಿದ್ದರು.

"ಎಲ್ಲಿ ಬಚ್ಚಿಟ್ಟೆ?" ಟೀಚರ ದನಿ ಈಗ ಏರಿತು. "ಅವನು ಜ್ವರದಲ್ಲಿ ಮಲಗಿದ್ದಾಗ ಒಂದು ದಿನ ಬಂದ್ಯಾ? ಮಳೇಲಿ ಇಬ್ಬರೂ ನೆಂದ್ರಿ. ನೀನು ಒಣಗಿಸಿಕೊಂಡು ಓಡಾಡ್ಕೊಂಡಿದ್ದೀಯ. ಅವನೊಬ್ಬನೇ ಹೋದ. ಅವನದ್ದು ಅಂತ ಒಂದೇ ಒಂದು ಉಳಿದಿತ್ತು. ಅದನ್ನೂ ತಗೊಂಡ್ಯಾ?"

ಎಡಚ ಹೊಡೆತ ತಿಂದವನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದ.

"ಈ ಹುಡುಗ ಇರೋ ವ್ಯಾನಲ್ಲಿ ನಾನು ಕೂರಲ್ಲ," ಎಂದರು ಟೀಚರ್. "ಅವನನ್ನ ಇಲ್ಲೇ ಬಿಡಿ."

ಕಾವಲುಗಾರನೇ ಗೇಟು ತೆಗೆದು ನಮ್ಮನ್ನು ಒಳಗೆ ಕರೆದ. ಬಿಸಿಲಿನಲ್ಲಿ ನಿಲ್ಲಬೇಡಿ ಎಂದು ಕುರ್ಚಿಯನ್ನೂ ಒಳಗೆ ತಂದಿಟ್ಟ. ಖಾಲಿ ಮೈದಾನ. ಸಾವಿರಾರು ಖಾಲಿ ಆಸನ. ನಡುವೆ ಯಾರಿಗೂ ಬೇಕಿಲ್ಲದಷ್ಟು ಹಸಿರು.

ಎಡಚ ದೂರದ ಮೆಟ್ಟಿಲ ಮೇಲೆ ಒಬ್ಬನೇ ಕುಳಿತ. ಅತ್ತಿಗೆ ಅವನ ಹತ್ತಿರ ಹೋದರು. ನಾನೂ ಹೋದೆ.

"ಅಪ್ಪಾ, ಎರಡು ವರ್ಷದಲ್ಲಿ ಆ ಚೆಂಡನ್ನ ನೀನು ಒಂದು ಸಲಾನೂ ಮುಟ್ಟಿಲ್ವಾ?"

"ಅವರ ಮನೆಗೇ ಹೋಗಿಲ್ಲ ಮೇಡಂ. ಚಪ್ಪಲಿ ಹಾಕ್ಕೊಂಡು ಹೊರಡ್ತಿದ್ದೆ, ಬೀದಿ ತುದಿಯಿಂದ ವಾಪಸ್ ಬರ್ತಿದ್ದೆ."

"ಈ ಪ್ರವಾಸದಲ್ಲಿ?"

"ಅಮ್ಮ ಹುಲ್ಲಿನ ಮೇಲೆ ಇಡೋವಾಗ ನಾನು ಆ ಕಡೆ ನೋಡ್ತಿರಲಿಲ್ಲ. ಆಗ್ತಿರಲಿಲ್ಲ."

"ಕೈಗೆ ಕೊಟ್ಟಿದ್ರೆ ಗುರುತು ಹಿಡೀತಿದ್ಯಾ?"

ಅವನು ಮೊದಲ ಬಾರಿಗೆ ಮುಖ ಎತ್ತಿದ. "ಏನ್ ಹೀಗೆ ಕೇಳ್ತೀರಾ? ಇಡೀ ದಿನ ಇಬ್ಬರೂ ಸೇರಿ ಹಾಕಿದ ಬಾಲ್ ಅದು. ಕಣ್ಣು ಕಟ್ಟಿ ಕೊಟ್ರೂ ಹೇಳ್ತಿದ್ದೆ."

ಅತ್ತಿಗೆ ತಲೆಯಾಡಿಸಿದರು. ನನ್ನನ್ನು ನೆರಳಿಗೆ ಕರೆದುಕೊಂಡು ಬಂದರು.

"ಪುಟ್ಟಿ," ಎಂದರು. ಎಪ್ಪತ್ತು ದಾಟಿದ ನನ್ನನ್ನು ಹಾಗೆ ಕರೆಯಲು ಈಗ ಉಳಿದಿರುವವರು ಅವರೊಬ್ಬರೇ. "ಆ ಚೆಂಡು ನಾನು ಮುಟ್ಟಿಲ್ಲ. ದೂರದಿಂದ ಕೈ ಮುಗಿದು ಸುಮ್ಮನಾದೆ. ಟೀಚರ್ ನಿನ್ನ ಕೈಗೆ ಕೊಟ್ಟಿದ್ರು ಅಲ್ವಾ?"

"ಹೌದು. ಮೊದಲ ಕೋಟೆಯ ಬುರುಜಿನ ಮೇಲೆ. 'ಹಿಡಿದು ನೋಡಿ, ಎಷ್ಟು ಭಾರ' ಅಂತ."

"ಕಣ್ಣು ಮುಚ್ಚು. ಕೈ ಚಾಚು. ಅದು ಈಗ ನಿನ್ನ ಅಂಗೈಲಿದೆ. ಹೇಗಿದೆ?"

"ಭಾರ ಇದೆ. ನಡುವೆ ಹೊಲಿಗೆ, ಎದ್ದು ನಿಂತಿದೆ. ಟೀಚರ್ ಆ ಹೊಲಿಗೆ ತುಂಬಾ ಹೊಗಳ್ತಿದ್ರು."

"ಚರ್ಮ?"

"ಒರಟು. ಬೆಕ್ಕಿನ ನಾಲಿಗೆ ಥರ."

"ಯಾವ ಮಗ್ಗುಲು?"

"ಎಲ್ಲ ಕಡೆಯೂ. ತಿರುಗಿಸಿ ನೋಡಿದೆನಲ್ಲ, ಒಂದೇ ಸಮ ಇತ್ತು."

"ಒಂದೇ ಸಮ? ಸರಿಯಾಗಿ ನೆನಪು ಮಾಡ್ಕೋ."

"ಒಂದೇ ಸಮ, ಅತ್ತಿಗೆ."

ಕಣ್ಣು ತೆರೆದೆ. ಅತ್ತಿಗೆಯ ಮುಖ ಬಿಳಿಚಿಕೊಂಡಿತ್ತು. ಕಳ್ಳನನ್ನು ಹಿಡಿದ ಪೊಲೀಸರ ಮುಖ ಹಾಗಿರುವುದಿಲ್ಲ.

"ನಿಮ್ಮಣ್ಣನ ಜೇಬಲ್ಲಿರ್ತಿದ್ದ ಚೆಂಡುಗಳು ಹಾಗಿದ್ವಾ?" ಎಂದರು.

ಆಗ ನನಗೂ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು. "ಹಾಗಾದ್ರೆ ಅದು... ಅವನದ್ದೇ ಅಲ್ವಾ?"

"ಅಲ್ಲ."

"ಅತ್ತಿಗೆ, ಬೇಡ. ಹೇಳಬೇಡಿ." ನಾನು ಅವರ ಕೈ ಹಿಡಿದುಕೊಂಡೆ. "ಚೆಂಡು ಕಳೆದುಹೋಯ್ತು ಅಂತಲೇ ಇರಲಿ. ಕಳೆದದ್ದಕ್ಕೆ ಅಳಬಹುದು. ಇದನ್ನ ತಿಳಿದು ಆಯಮ್ಮ ಏನು ಮಾಡ್ತಾರೆ?"

"ಆ ಹುಡುಗ?"

ನಾನು ಮೆಟ್ಟಿಲ ಕಡೆ ನೋಡಿದೆ. ಅವನು ಮಂಡಿಗಳ ನಡುವೆ ತಲೆ ಹುದುಗಿಸಿ ಕುಳಿತಿದ್ದ.

"ಒಬ್ಬರ ಸಮಾಧಾನ ಉಳಿಸೋಕೆ ಇನ್ನೊಬ್ಬನ ಮಾನ ಹೋಗಲಿ ಅಂತೀಯಾ, ಪುಟ್ಟಿ? ಅವನು ಜೀವಮಾನ ಪೂರ್ತಿ ಗೆಳೆಯನ ತಾಯಿ ಹತ್ತಿರ ಕಳ್ಳ ಅನ್ನಿಸ್ಕೊಂಡು ಬದುಕಬೇಕಾ?"

ನೂರಾರು ಯುದ್ಧಗಳ ಕಾರಣಗಳನ್ನು ಮಕ್ಕಳಿಗೆ ಒಪ್ಪಿಸಿದವಳು ನಾನು. ಹಿಡಿದಿದ್ದ ಅವರ ಕೈಯನ್ನು ಬಿಟ್ಟೆ.

ಅತ್ತಿಗೆ ಎಲ್ಲರನ್ನೂ ಟೀಚರ ಕುರ್ಚಿಯ ಹತ್ತಿರ ಕರೆದರು. "ಚೆಂಡು ತಗೊಂಡವರು ಇಲ್ಲೇ ಇದ್ದಾರೆ. ಯಾಕೆ ತಗೊಂಡ್ರು ಅಂತ ನಾನು ಕೇಳಲ್ಲ. ಈಗ ತಾವೇ ಮುಂದೆ ಬಂದು ಕೊಟ್ಟುಬಿಡಲಿ."

ಯಾರೂ ಅಲುಗಲಿಲ್ಲ. ಎಲ್ಲೋ ಹುಲ್ಲಿಗೆ ನೀರು ಚಿಮುಕಿಸುವ ಸದ್ದು ಮಾತ್ರ.

"ಕೊಡಿ," ಎಂದರು ಅತ್ತಿಗೆ ಮತ್ತೊಮ್ಮೆ. ಆ ದನಿಯಲ್ಲಿ ಆಜ್ಞೆ ಇರಲಿಲ್ಲ. ಬೇಡಿಕೆ ಇತ್ತು.

ಆಗ ಎಡಚ ಎದ್ದು ಬಂದ. ಟೀಚರ ಎದುರು ನಿಂತ.

"ನಾನೇ ತಗೊಂಡೆ ಅಮ್ಮಾ."

ಟೀಚರ್ ಕಣ್ಣು ಮುಚ್ಚಿಕೊಂಡರು.

"ಬೆಳಿಗ್ಗೆ ಕೈಲಿ ಹಿಡಿದು ನೋಡ್ಬೇಕು ಅನ್ನಿಸ್ತು. ತಗೊಂಡೆ. ಎಲ್ಲೋ ಬಿದ್ದುಹೋಯ್ತು. ತಪ್ಪಾಯ್ತು. ಬೈಯಿರಿ. ಆದ್ರೆ ಹೀಗೆ ಅಳಬೇಡಿ. ನಾನು ಬಸ್ಸಲ್ಲಿ ಹೋಗ್ತೀನಿ."

ಸುಳ್ಳು! ನನಗೆ ಗೊತ್ತಿತ್ತು, ಅತ್ತಿಗೆಗೂ ಗೊತ್ತಿತ್ತು. ನಮ್ಮಿಬ್ಬರ ಹೊರತು ಅಲ್ಲಿ ಇನ್ನೊಬ್ಬರಿಗೂ ಗೊತ್ತಿತ್ತು. ಅವರು ಆಗಲೂ ಬಾಯಿ ಬಿಡಲಿಲ್ಲ.

ಅತ್ತಿಗೆ ಒಂದು ಕ್ಷಣ ಕಾದರು. ಆಮೇಲೆ ಎಡಚನ ಕಡೆ ತಿರುಗಿದರು.

"ಕೈಲಿ ಹಿಡಿದೆ ಅಂದ್ಯಲ್ಲ. ಹೊಳಪು ಇನ್ನೂ ಇತ್ತಾ?"

"ಇತ್ತು ಮೇಡಂ," ಎಂದ ಅವನು ತಡವರಿಸದೆ. "ಕಂಪನಿ ಮುದ್ರೆ ಇರೋ ಮಗ್ಗುಲಲ್ಲಿ. ಅವನು ಯಾವಾಗಲೂ ಆ ಕಡೇನೇ ಪ್ಯಾಂಟಿಗೆ ಉಜ್ಜಿ ಹೊಳಪು ಉಳಿಸ್ತಿದ್ದ. ಇನ್ನೊಂದು ಮಗ್ಗುಲು ಒರಟು ಬಿಡ್ತಿದ್ದ. ಹಾಗೇ ಇತ್ತು."

"ಹೊಳಪಾ?" ಟೀಚರ್ ಕಣ್ಣು ತೆರೆದರು. "ಅದರಲ್ಲಿ ಹೊಳಪೆಲ್ಲಿತ್ತು? ಎರಡು ವರ್ಷ ನನ್ನ ದಿಂಬಿನ ಪಕ್ಕ ಇಟ್ಕೊಂಡು ಮಲಗಿದ್ದೀನಿ. ಸುತ್ತಲೂ ಒಂದೇ ಥರ. ಹೊಳಪೂ ಇಲ್ಲ, ಮುದ್ರೆಯೂ ಇಲ್ಲ."

ಎಡಚ ಅವರನ್ನೇ ನೋಡಿದ. ಅವನ ಮುಖದಲ್ಲಿ ಮೊದಲು ಗೊಂದಲ, ಆಮೇಲೆ ಅರ್ಥವಾದದ್ದರ ಭಯ. "ಹಾಂ ಅಮ್ಮಾ, ನಂಗೆ ಸರಿಯಾಗಿ ನೆನಪಿಲ್ಲ, ಒಂದೇ ಥರ ಇತ್ತು, ಒಂದೇ ಥರಾನೇ..." ಎಂದು ಗಡಿಬಿಡಿಯಿಂದ ಮಾತು ತಿರುಗಿಸಲು ನೋಡಿದ. ತಡವಾಗಿತ್ತು.

"ಈ ಹುಡುಗ ಚೆಂಡು ಮುಟ್ಟಿಲ್ಲ," ಎಂದರು ಅತ್ತಿಗೆ. "ಮುಟ್ಟಿದ್ರೆ ಇಂಥ ಸುಳ್ಳು ಹೇಳೋಕೆ ಬರ್ತಿರಲಿಲ್ಲ. ಟೀಚರ್, ನೀವು ಅವನ ಕೋರಿಕೆ ಕೇಳಿ ಇವನೇ ಕಳ್ಳ ಅಂದ್ರಿ. ನಾವೂ ಹಾಗೇ ಅಂದ್ಕೊಂಡ್ವಿ. ಆದ್ರೆ ನಾಳೆ ಕೈಗೆ ಬರೋದನ್ನ ಯಾರಾದ್ರೂ ಇವತ್ತು ಕದೀತಾರಾ? ಕದ್ದವರಿಗೆ ಬೇಕಾಗಿದ್ದು ಚೆಂಡಲ್ಲ. ಇವನ ಕೈಗೆ ಅದು ಹೋಗದೇ ಇರೋದು."

"ಯಾಕೆ?" ಎಂದರು ಕ್ಯಾಮೆರಾ ಮಾವ.

"ಇವನು ಮುಟ್ಟಿದ ತಕ್ಷಣ ಹೇಳ್ತಿದ್ದ. ಪಂದ್ಯದಲ್ಲಿ ಸವೆದ ಚೆಂಡಿಗೆ ಎರಡು ಮಗ್ಗುಲು ಬೇರೆ ಬೇರೆ ಇರುತ್ತೆ. ಒಂದನ್ನ ಬೌಲರುಗಳು ದಿನವಿಡೀ ಉಜ್ಜಿ ಹೊಳೆಯೋ ಹಾಗೆ ಇಡ್ತಾರೆ. ಇನ್ನೊಂದನ್ನ ಸವೆಯೋಕೆ ಬಿಡ್ತಾರೆ. ಹಾಗಿದ್ರೇ ಗಾಳೀಲಿ ತಿರುಗೋದು. ಟೀಚರ ಹತ್ತಿರ ಇದ್ದಿದ್ದು ಸುತ್ತಲೂ ಒಂದೇ ಸಮ ಒರಟು. ಆಡಿದ ಚೆಂಡು ಹಾಗೆ ಸವೆಯಲ್ಲ. ಅದು ಹೊಸ ಚೆಂಡು. ಯಾರೋ ಕೂತು ಉಜ್ಜಿ ಹಳೇದು ಮಾಡಿದ್ದು."

ಟೀಚರ್ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಯಾರು?"

"ಮೂರು ದಿನದ ಹಿಂದೆ ನನ್ನ ನಾದಿನಿಯ ಊರುಗೋಲಿನ ಹಿಡಿಯಲ್ಲಿ ಸೀಳು ಎದ್ದು ಕೈಗೆ ಚುಚ್ತಿತ್ತು. ಒಬ್ಬರು ಕೇಳದೇನೇ ಇಸ್ಕೊಂಡ್ರು. ಮರ ಉಜ್ಜೋ ಕಾಗದ ಅವರ ಜೇಬಲ್ಲೇ ಇತ್ತು. ಚುಚ್ತಿದ್ದಿದ್ದು ಉಗುರಿನಷ್ಟು ಜಾಗ. ಅವರು ಇಡೀ ಕೋಲನ್ನ ತುದಿಯಿಂದ ತುದಿಗೆ ಉಜ್ಜಿ, ಒಂದೇ ಸಮ ಮಾಡಿ ಕೊಟ್ರು. ಒಳ್ಳೇ ಬಡಗಿಯ ಕೈ ಅದು. ಅರ್ಧ ಉಜ್ಜಿ ಅರ್ಧ ಬಿಡೋದು ಆ ಕೈಗೆ ಬರಲ್ಲ. ಚೆಂಡನ್ನೂ ಹಾಗೇ ಉಜ್ಜಿದ್ರು. ಮುದ್ರೆಯನ್ನೂ ಬಿಡಲಿಲ್ಲ."

ಅತ್ತಿಗೆ ತಿರುಗಿದರು.

"ಬ್ಯಾಗುಗಳನ್ನ ತಡಕಿದ್ವಿ. ಮಗನನ್ನ ಕಳ್ಕೊಂಡ ತಂದೆಯ ಜೇಬು ಯಾರು ತಡಕ್ತಾರೆ? ಮೇಸ್ತ್ರಿಗಳೇ, ಕೊಡಿ."

ಮೇಸ್ತ್ರಿಗಳು ಜೇಬಿನಿಂದ ಕೈ ತೆಗೆದರು. ಬೆಳಗಿನಿಂದ ಆ ಕೈ ಅಲ್ಲೇ ಇತ್ತು. ಅಂಗೈಯಲ್ಲಿ ಕೆಂಪು ಚೆಂಡು. ಅದನ್ನು ಹೆಂಡತಿಯ ಕಡೆ ಚಾಚಿದರು. ಅವರು ತೆಗೆದುಕೊಳ್ಳಲಿಲ್ಲ.

"ಅದು ಎಲ್ಲಿ?" ಎಂದರು ಟೀಚರ್. "ಅವನದ್ದು?"

"ಬಿಸಾಡ್ದೆ." ಮೇಸ್ತ್ರಿಗಳ ದನಿ ಒಣಗಿತ್ತು. "ಅವನನ್ನ ಮಣ್ಣು ಮಾಡಿ ಬಂದ ದಿನ. ಕಿಟಕಿ ಮೇಲೆ ಕೂತಿತ್ತು. ಇದಕ್ಕೋಸ್ಕರ ತಾನೇ ಮಳೇಲಿ ನೆಂದ ಅನ್ನಿಸ್ತು. ಎತ್ಕೊಂಡು ಹೋಗಿ ಎಸೆದೆ. ವಾಪಸ್ ಬಂದ್ರೆ ನೀನು ಕೇಳಿದ್ದು ಅದನ್ನೇ. 'ಅವನ ಚೆಂಡೆಲ್ಲಿ?' ಅಂತ. ನಾನೇನು ಹೇಳ್ಲಿ? ನನ್ನ ಮರಗೆಲಸದ ಅಂಗಡೀಲಿದೆ ಅಂದೆ. ಹೊಸದು ತಂದೆ. ಉಜ್ಜಿದೆ."

"ಈ ಮಗೂನ ಬೀದೀಲಿ ನಿಲ್ಲಿಸಿ ಬೈದೆನಲ್ರೀ. ನೋಡ್ತಾ ನಿಂತಿದ್ರಲ್ಲ."

"ಹೇಳಿದ್ರೆ ನೀನು ಬದುಕಲ್ಲ ಅಂದ್ಕೊಂಡೆ."

ಟೀಚರ್ ಕೈ ಚಾಚಿ ಎಡಚನ ಅಂಗಿಯ ತುದಿ ಹಿಡಿದು ಎಳೆದರು. ಅವನು ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತ. ಅವನ ತೋಳಿನ ಮೇಲಿದ್ದ ಮಣ್ಣನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು. ಮಣ್ಣು ಹೋದ ಮೇಲೂ ಒರೆಸಿದರು.

"ನಿಜವಾದದ್ದು ಹೇಗಿತ್ತು, ಹೇಳು," ಎಂದರು.

"ಒಂದು ಕಡೆ ಕನ್ನಡಿ ಥರ ಅಮ್ಮಾ. ಬಿಸಿಲಿಗೆ ಹಿಡಿದ್ರೆ ಕಣ್ಣಿಗೆ ಹೊಡೀತಿತ್ತು. ಅವನು ಪ್ರತಿ ಸಲ ಓಡಿ ಬರೋಕೆ ಮುಂಚೆ ಉಸಿರು ಬಿಟ್ಟು, ತೊಡೆಗೆ ಉಜ್ಜಿ, ನೋಡಿ, ಮತ್ತೆ ಉಜ್ತಿದ್ದ. ಅವನ ಬಿಳಿ ಪ್ಯಾಂಟಲ್ಲಿ ಅದರದ್ದೇ ಒಂದು ಕೆಂಪು ಕಲೆ ಇತ್ತಲ್ಲ..."

"ನಾನು ಆ ಕಲೆ ಹೋಗಲಿ ಅಂತ ತಿಕ್ಕಿ ತಿಕ್ಕಿ ಒಗೀತಿದ್ದೆ," ಎಂದರು ಟೀಚರ್. "ಬೈಕೊಂಡು ಒಗೀತಿದ್ದೆ. ಯಾತರದ್ದು ಅಂತ ಒಂದಿನ ಕೇಳಲಿಲ್ಲ. ಭಾನುವಾರ ಅಂದ್ರೆ ಹೊಲಿಗೆ ಕ್ಲಾಸು, ಭಾನುವಾರ ಅಂದ್ರೆ ಹೊಲಿಗೆ ಕ್ಲಾಸು. ಈಗ ಊರೂರಿನ ಮೈದಾನ ಸುತ್ತುತ್ತಿದ್ದೀನಿ. ಅವನು ಆಡಿದ್ದು ಒಂದೂ ನೋಡಿಲ್ಲ."

ಅತ್ತಿಗೆ ಮುಖ ತಿರುಗಿಸಿಕೊಂಡರು. ಎಷ್ಟೋ ಮನೆಗಳಲ್ಲಿ ಎಂತೆಂಥದೋ ಕಂಡವರು ಅವರು. ಕ್ಯಾಮೆರಾ ಮಾವ ತಮ್ಮ ಕ್ಯಾಮೆರಾವನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡರು.

ಮೇಸ್ತ್ರಿಗಳು ಚೆಂಡು ಹಿಡಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ. ಮರೆತಿದ್ದರೋ ಏನೋ.

"ಎಲ್ಲಿ ಎಸೆದ್ರಿ?" ಎಂದು ಕೇಳಿದರು ಟೀಚರ್, ಗಂಡನ ಕಡೆ ನೋಡದೆ.

"ಹೊಳೆಗೆ."

"ಯಾವ ಜಾಗದಿಂದ?"

"ಸೇತುವೆ ಮೇಲಿಂದ. ನಡುಮಧ್ಯದಿಂದ."

ಎಡಚನ ತೋಳು ಒರೆಸುತ್ತಿದ್ದ ಟೀಚರ ಕೈ ನಿಂತಿತು.

"ದಿನಾ ಕ್ಲಾಸಿಗೆ ಹೋಗೋವಾಗ ನಾನು ಅಲ್ಲೇ ನಿಂತ್ಕೊಂಡು ಸುಧಾರಿಸ್ಕೊಳ್ತೀನಿ," ಎಂದರು. "ಚೆಂಡಿನ ಈ ಚೀಲಾನ ಎದೆಗೆ ಅವುಚಿಕೊಂಡು."